ಡೇಟಾಸೆಟ್ ಮತ್ತು ಡೇಟಾ ಅಡಾಪ್ಟರ್: ಸಂಪರ್ಕ ಕಡಿದ ದಾಖಲೆಗಳನ್ನು ಡೇಟಾಬೇಸಿಗೆ ಮರಳಿಸುವ ಜೋಡಿಯ ವಿಮರ್ಶೆ

ಡೇಟಾಬೇಸಿನಿಂದ ದಾಖಲೆಗಳನ್ನು ಒಮ್ಮೆ ತಂದುಕೊಂಡು, ಸಂಪರ್ಕವನ್ನು ಮುಚ್ಚಿ, ಬಳಕೆದಾರರು ಅವುಗಳನ್ನು ಬೇಕಾದಷ್ಟು ಹೊತ್ತು ತಿದ್ದಿದ ಬಳಿಕ ಬದಲಾದುದನ್ನು ಮಾತ್ರ ಮರಳಿ ತಲುಪಿಸುವ ಕೆಲಸಕ್ಕೆಂದು ಮೈಕ್ರೋಸಾಫ್ಟ್ 2002ರಲ್ಲಿ, ತಂತ್ರಾಂಶ ಕಟ್ಟುವ ತನ್ನ ನೆಲೆಯಾದ ಡಾಟ್ ನೆಟ್ ಫ್ರೇಮ್‌ವರ್ಕಿನ ಮೊದಲ ಆವೃತ್ತಿಯೊಂದಿಗೆ ಕೊಟ್ಟ ಸಲಕರಣೆಯೇ ಡೇಟಾಸೆಟ್ ಮತ್ತು ಡೇಟಾ ಅಡಾಪ್ಟರ್ ಎಂಬ ಜೋಡಿ: ತಂದ ದಾಖಲೆಗಳನ್ನು ಹಿಡಿದಿಡುವುದು ಡೇಟಾಸೆಟ್, ಅದಕ್ಕೂ ಡೇಟಾಬೇಸಿಗೂ ನಡುವೆ ಅವುಗಳನ್ನು ಸಾಗಿಸುವುದು ಅಡಾಪ್ಟರ್. ಆ ನೆಲೆಯ ಹೊಸ ಪೀಳಿಗೆಯಾದ ಡಾಟ್ ನೆಟ್ ಕೋರ್‌ನ ಮೊದಲ ಆವೃತ್ತಿಗಳಲ್ಲಿ ಇದನ್ನು ಕೈಬಿಡಲಾಗಿತ್ತು; ಹಳೆಯ ಕೋಡನ್ನು ಹೊಸ ನೆಲೆಗೆ ತರಲು ಇದಿಲ್ಲದೆ ಆಗದು ಎಂಬುದು ಸ್ಪಷ್ಟವಾದ ಮೇಲೆ 2017ರ ಡಾಟ್ ನೆಟ್ ಕೋರ್ 2.0ರಲ್ಲಿ ಮತ್ತೆ ಸೇರಿಸಲಾಯಿತು. ಇಂದಿಗೂ ಲೆಕ್ಕಪತ್ರ, ದಾಸ್ತಾನು, ಹಾಜರಿ ಮುಂತಾದ ಎಷ್ಟೋ ಡೆಸ್ಕ್‌ಟಾಪ್ ತಂತ್ರಾಂಶಗಳ ಬೆನ್ನೆಲುಬು ಇದೇ ಆಗಿರುವುದರಿಂದ, ಇದು ಹಳೆಯದೋ ಹೊಸದೋ ಎಂಬ ಚರ್ಚೆಗಿಂತ ಇದನ್ನು ಯಾವ ಕೆಲಸಕ್ಕೆ ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ನೋಡುವುದು ಉಪಯುಕ್ತ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಏನು ಬದಲಾಯಿತು ಎಂಬುದನ್ನು ನೆನಪಿಡುವುದರಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ, ಆದರೆ ಆ ನೆನಪನ್ನು ಯಾವಾಗ ಅಳಿಸಬೇಕು ಎಂಬ ವಿಷಯದಲ್ಲಿ ಇದರ ಸಹಜ ನಡವಳಿಕೆ ಅವಸರದ್ದು, ಮತ್ತು ಇದರಿಂದಾಗುವ ಹೆಚ್ಚಿನ ತೊಂದರೆಗಳ ಮೂಲ ಅಲ್ಲಿಯೇ ಇದೆ.

ನೆನಪಿನ ವ್ಯವಸ್ಥೆಯಿಂದಲೇ ಆರಂಭಿಸೋಣ. ಡೇಟಾಸೆಟ್‌ನೊಳಗಿನ ಟೇಬಲಿನ ಪ್ರತಿಯೊಂದು ಸಾಲೂ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ: ಬದಲಾಗಿಲ್ಲ, ಸೇರಿಸಲ್ಪಟ್ಟಿದೆ, ತಿದ್ದಲ್ಪಟ್ಟಿದೆ, ಅಳಿಸಲ್ಪಟ್ಟಿದೆ, ಅಥವಾ ಇನ್ನೂ ಯಾವ ಟೇಬಲಿಗೂ ಸೇರಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ತಿದ್ದಿದ ಸಾಲಿನಲ್ಲಿ ಈಗಿನ ಮೌಲ್ಯದ ಜೊತೆಗೆ ಡೇಟಾಬೇಸಿನಿಂದ ಬಂದಾಗ ಇದ್ದ ಮೂಲ ಮೌಲ್ಯವೂ ಉಳಿದಿರುತ್ತದೆ. ಸಾಮಾನಿನ ಸಂಖ್ಯೆ 7ರ ದಾಸ್ತಾನು 12 ಎಂದು ಬಂದಿದ್ದು, ಬಳಕೆದಾರರು ಅದನ್ನು 15 ಮಾಡಿದರೆ, ಆ ಸಾಲನ್ನು ಒರಿಜಿನಲ್ ಆವೃತ್ತಿಯಲ್ಲಿ ಕೇಳಿದಾಗ 12 ಎಂದೂ ಕರೆಂಟ್ ಆವೃತ್ತಿಯಲ್ಲಿ ಕೇಳಿದಾಗ 15 ಎಂದೂ ಉತ್ತರ ಬರುತ್ತದೆ. ಅಳಿಸಿದ ಸಾಲಿನಲ್ಲಿ ಮೂಲ ಮೌಲ್ಯ ಮಾತ್ರ ಇರುತ್ತದೆ, ಹೊಸದಾಗಿ ಸೇರಿಸಿದ ಸಾಲಿನಲ್ಲಿ ಈಗಿನ ಮೌಲ್ಯ ಮಾತ್ರ. ಅಡಾಪ್ಟರ್‌ನ ಅಪ್‌ಡೇಟ್ ವಿಧಾನವನ್ನು ಕರೆದಾಗ ಅದು ಒಂದೊಂದೇ ಸಾಲಿನ ಸ್ಥಿತಿಯನ್ನು ನೋಡಿ, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಎಂಬ ಮೂರು ಕಮಾಂಡುಗಳಲ್ಲಿ ತಕ್ಕದ್ದನ್ನು ಆರಿಸಿ, ಸಾಲಿನ ಮೌಲ್ಯಗಳನ್ನು ಪ್ಯಾರಾಮೀಟರುಗಳಿಗೆ ತುಂಬಿ ಕಳುಹಿಸುತ್ತದೆ. ಸಂಪರ್ಕ ಮುಚ್ಚಿದ್ದರೆ ತಾನೇ ತೆರೆದು ಕೆಲಸ ಮುಗಿದ ಮೇಲೆ ತಾನೇ ಮುಚ್ಚುತ್ತದೆ. ಮೊದಲೇ ತೆರೆದಿದ್ದರೆ ಹಾಗೆಯೇ ಬಿಡುತ್ತದೆ. ಈ ವಿನ್ಯಾಸದಲ್ಲಿ ನನಗೆ ಆಕ್ಷೇಪವಿಲ್ಲ.

ದಾಖಲೆಗಳನ್ನು ತುಂಬಿಸುವ ಫಿಲ್ ವಿಧಾನದ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಅದು ತಾನಾಗಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಪ್ರತ್ಯೇಕವಾಗಿ ಗುರುತಿಸುವ ಕಾಲಂ ಯಾವುದೆಂಬ ಮಾಹಿತಿಯನ್ನು ತರುವುದಿಲ್ಲ. ಟೇಬಲಿಗೆ ಕೀ ಇಲ್ಲದಿರುವಾಗ ಎರಡನೆಯ ಬಾರಿ ಫಿಲ್ ಮಾಡಿದರೆ ಹಳೆಯ ಸಾಲುಗಳು ಹೊಸತಾಗುವ ಬದಲು ಅವೇ ಸಾಲುಗಳು ಇನ್ನೊಮ್ಮೆ ಕೆಳಗೆ ಬಂದು ಕೂರುತ್ತವೆ. ಟೇಬಲಿನ ರಚನೆಯ ವಿವರದ (ಸ್ಕೀಮಾ) ಕೊರತೆಯನ್ನು ಹೇಗೆ ನೀಗಬೇಕು ಎಂಬ ಗುಣಕ್ಕೆ ಕೀ ಸಹಿತ ಸೇರಿಸು ಎಂಬ ಆಯ್ಕೆಯನ್ನು ಕೊಟ್ಟರೆ ಅಥವಾ ಟೇಬಲನ್ನು ಮೊದಲೇ ಕೈಯಾರೆ ಕಟ್ಟಿಕೊಂಡರೆ ಈ ಸಮಸ್ಯೆ ಇರುವುದಿಲ್ಲ.

ಮೂರೂ ಕಮಾಂಡುಗಳನ್ನು ಬರೆಯುವ ಶ್ರಮವನ್ನು ತಪ್ಪಿಸಲು ಕಮಾಂಡ್ ಬಿಲ್ಡರ್ ಎಂಬ ಸಹಾಯಕ ಇದೆ. ದಾಖಲೆಗಳನ್ನು ತರುವ ಸೆಲೆಕ್ಟ್ ಕ್ವೆರಿಯೊಂದನ್ನು ಕೊಟ್ಟರೆ ಸರ್ವರಿನಿಂದ ಟೇಬಲಿನ ವಿವರ ತರಿಸಿಕೊಂಡು ಉಳಿದ ಮೂರನ್ನೂ ತಾನೇ ರಚಿಸುತ್ತದೆ. ಕಲಿಯುವ ಹಂತದಲ್ಲಿ ಇದು ಬಹಳ ಆಕರ್ಷಕ, ಮತ್ತು ಹೆಚ್ಚಿನ ಪಾಠಗಳು ಇಲ್ಲಿಗೇ ನಿಂತುಬಿಡುವುದು ನನ್ನ ದೂರು. ಇದಕ್ಕೆ ಒಂದೇ ಟೇಬಲಿನ ಕ್ವೆರಿ ಬೇಕು, ಪ್ರೈಮರಿ ಕೀ ಅಥವಾ ಯೂನಿಕ್ ಕಾಲಂ ಆ ಕ್ವೆರಿಯಲ್ಲಿ ಇರಲೇಬೇಕು, ವಿವರ ತರಿಸಲು ಸರ್ವರಿಗೆ ಇನ್ನೊಂದು ಸುತ್ತು ಹೋಗಿಬರಬೇಕು. ಇವೆಲ್ಲ ಸಹಿಸಬಹುದಾದ ಮಿತಿಗಳು. ನಿಜವಾದ ತೊಡಕು ಅದು ಬರೆಯುವ ವೇರ್ ಷರತ್ತಿನಲ್ಲಿ, ಅಂದರೆ ಯಾವ ಸಾಲನ್ನು ಬದಲಿಸಬೇಕೆಂದು ಹೇಳುವ ಭಾಗದಲ್ಲಿದೆ. ಸಹಜ ಆಯ್ಕೆಯಲ್ಲಿ ಅದು ಹೋಲಿಸಬಹುದಾದ ಎಲ್ಲಾ ಕಾಲಂಗಳ ಮೂಲ ಮೌಲ್ಯಗಳನ್ನೂ ಷರತ್ತಿಗೆ ಸೇರಿಸುತ್ತದೆ, ನಲ್ (ಮೌಲ್ಯವೇ ಇಲ್ಲದ ಸ್ಥಿತಿ) ಆಗಬಹುದಾದ ಪ್ರತಿ ಕಾಲಂಗೆ ಎರಡೆರಡು ಪ್ಯಾರಾಮೀಟರ್ ಇಟ್ಟು ನಲ್ ಆಗಿತ್ತೇ ಎಂದು ಬೇರೆಯಾಗಿ ಕೇಳುತ್ತದೆ. ಮೂವತ್ತು ಕಾಲಂಗಳ ಟೇಬಲಿನಲ್ಲಿ ಒಂದು ಫೋನ್ ಸಂಖ್ಯೆ ತಿದ್ದಿದರೂ ಇಡೀ ಸಾಲಿನ ಹಳೆಯ ರೂಪವನ್ನು ಸರ್ವರಿಗೆ ಒಪ್ಪಿಸಿ ಹೋಲಿಸಬೇಕಾಗುತ್ತದೆ. ಸರ್ವರಿನಲ್ಲಿ ಸಾಲು ಬದಲಾದಾಗ ತಾನಾಗಿ ಓಡುವ ಟ್ರಿಗರ್ ಒಂದಿದ್ದು ಅದು ಕೊನೆಯ ತಿದ್ದುಪಡಿಯ ಸಮಯವನ್ನು ತಾನೇ ಬರೆಯುತ್ತಿದ್ದರೆ, ಮೊದಲ ಬಾರಿ ಉಳಿಸಿದ ಬಳಿಕ ನಮ್ಮಲ್ಲಿರುವ ಪ್ರತಿ ಹಳತಾಗಿರುತ್ತದೆ. ಅದೇ ಸಾಲನ್ನು ಎರಡನೆಯ ಬಾರಿ ಉಳಿಸಲು ಹೋದಾಗ, ಬೇರೆ ಯಾರೂ ಮುಟ್ಟದಿದ್ದರೂ, ಘರ್ಷಣೆಯಾಯಿತೆಂಬ ಎಕ್ಸೆಪ್ಷನ್ (ದೋಷ ಸೂಚನೆ) ಬರುತ್ತದೆ.

2005ರ ಡಾಟ್ ನೆಟ್ 2.0ರಿಂದ ಬಿಲ್ಡರ್‌ಗೆ ಘರ್ಷಣೆಯ ಆಯ್ಕೆಯೊಂದನ್ನು ಕೊಡಲಾಗಿದೆ: ಎಲ್ಲವನ್ನೂ ಹೋಲಿಸು, ರೋವರ್ಷನ್ ಮಾತ್ರ ಹೋಲಿಸು, ಅಥವಾ ಏನನ್ನೂ ಹೋಲಿಸದೆ ಮೇಲೆ ಬರೆ. ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರಿನ ರೋವರ್ಷನ್ ಎಂಬುದು ಸಾಲು ಬದಲಾದಾಗಲೆಲ್ಲ ತಾನಾಗಿ ಮುಂದುವರಿಯುವ 8 ಬೈಟುಗಳ ಗುರುತಾದ್ದರಿಂದ, ಕೀ ಮತ್ತು ಆ ಗುರುತು ಎರಡನ್ನೇ ಹೋಲಿಸಿದರೆ ಸಾಕಾಗುತ್ತದೆ; ಟೇಬಲನ್ನು ಬದಲಿಸುವ ಅಧಿಕಾರವಿದ್ದವರು ಈ ದಾರಿಯನ್ನೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಆಗಲೂ, ಉಳಿಸಿದ ಮೇಲೆ ಬಂದ ಹೊಸ ಗುರುತನ್ನು ಸಾಲಿಗೆ ಮರಳಿ ತರುವ ವ್ಯವಸ್ಥೆಯನ್ನು ಅಪ್‌ಡೇಟ್ ಕಮಾಂಡಿನಲ್ಲಿ ನಾವೇ ಮಾಡಬೇಕು. ಅಷ್ಟು ಬರೆಯುವುದಾದರೆ ಮೂರು ಕಮಾಂಡುಗಳನ್ನೂ ಕೈಯಾರೆ ಬರೆಯುವುದೇ ಲೇಸು.

ಘರ್ಷಣೆಯನ್ನು ಅಡಾಪ್ಟರ್ ಪತ್ತೆ ಮಾಡುವ ಬಗೆ ಸರಳವಾಗಿದೆ. ಮೇಲಿನ ದಾಸ್ತಾನಿನ ಉದಾಹರಣೆಯಲ್ಲಿ ಸರ್ವರಿಗೆ ಹೋಗುವ ಮಾತಿನ ಅರ್ಥ ಇಷ್ಟೇ: ಸಂಖ್ಯೆ 7ರ ದಾಸ್ತಾನು ಇನ್ನೂ 12 ಆಗಿದ್ದರೆ ಅದನ್ನು 15 ಮಾಡು. ಅಷ್ಟರಲ್ಲಿ ಬೇರೊಬ್ಬರು ಎರಡು ಸಾಮಾನು ಮಾರಿ ಅದನ್ನು 10 ಮಾಡಿದ್ದರೆ ಷರತ್ತು ಯಾವ ಸಾಲಿಗೂ ಹೊಂದುವುದಿಲ್ಲ, ಬದಲಾದ ಸಾಲುಗಳ ಲೆಕ್ಕ ಸೊನ್ನೆ ಬರುತ್ತದೆ, ಅಡಾಪ್ಟರ್ ಅದನ್ನು ಕಂಡು ಡಿಬಿ ಕನ್‌ಕರೆನ್ಸಿ ಎಕ್ಸೆಪ್ಷನ್ ಎಸೆಯುತ್ತದೆ. ಈ ಇಡೀ ಪತ್ತೆ ಕೆಲಸ ನಿಂತಿರುವುದು ಆ ಒಂದು ಲೆಕ್ಕದ ಮೇಲೆ. ಆದ್ದರಿಂದ ಸರ್ವರಿನಲ್ಲೇ ಉಳಿಸಿಟ್ಟ ಕಮಾಂಡುಗಳಾದ ಸ್ಟೋರ್ಡ್ ಪ್ರೊಸೀಜರ್ ಬಳಸುವವರು, ಅದರ ತಲೆಯಲ್ಲಿ ಅಭ್ಯಾಸಬಲದಿಂದ ಬರೆಯುವ ಸೆಟ್ ನೋಕೌಂಟ್ ಆನ್ ಎಂಬ ಸಾಲು ಈ ಲೆಕ್ಕವನ್ನೇ ಹೊರಗೆ ಬಾರದಂತೆ ತಡೆಯುತ್ತದೆ ಎಂಬುದನ್ನು ಗಮನಿಸಬೇಕು.

ಘರ್ಷಣೆ ಪತ್ತೆಯಾದ ಮೇಲಿನ ದಾರಿಯೂ ಅಚ್ಚುಕಟ್ಟಾಗಿಯೇ ಇದೆ, ಆದರೆ ಬಲ್ಲವರು ಕಡಿಮೆ. ಆ ಸಾಲಿನ ತಾಜಾ ರೂಪವನ್ನು ಬೇರೊಂದು ಟೇಬಲಿಗೆ ತಂದು, ನಮ್ಮ ಬದಲಾವಣೆಗಳನ್ನು ಉಳಿಸಿಕೊಳ್ಳು ಎಂಬ ಸೂಚನೆಯೊಂದಿಗೆ ಮರ್ಜ್ ಮಾಡಿದರೆ, ಮೂಲ ಮೌಲ್ಯದ ಜಾಗಕ್ಕೆ ತಾಜಾ 10 ಬಂದು ಕೂರುತ್ತದೆ, ಈಗಿನ ಮೌಲ್ಯ 15 ಆಗಿಯೇ ಉಳಿಯುತ್ತದೆ. ಎರಡನ್ನೂ ಬಳಕೆದಾರರಿಗೆ ತೋರಿಸಿ ಅವರು ಒಪ್ಪಿದರೆ ಮತ್ತೆ ಅಪ್‌ಡೇಟ್ ಕರೆಯಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಬಳಕೆದಾರರ ಉದ್ದೇಶ ಮೂರು ಸಾಮಾನು ಸೇರಿಸುವುದಾಗಿದ್ದರೆ ಸರಿಯಾದ ಉತ್ತರ 15 ಅಲ್ಲ, 13. ಡೇಟಾಸೆಟ್‌ಗೆ ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದು ಗೊತ್ತೇ ಹೊರತು ಯಾಕೆ ಬದಲಾಯಿತು ಎಂಬುದು ಗೊತ್ತಿಲ್ಲ. ಅದೃಷ್ಟಕ್ಕೆ, ಒಂದೇ ಕಾಲಂನ ಎರಡೂ ಆವೃತ್ತಿಗಳನ್ನು ಎರಡು ಪ್ಯಾರಾಮೀಟರುಗಳಾಗಿ ಕಳುಹಿಸಲು ಅಡಾಪ್ಟರ್ ಅವಕಾಶ ಕೊಡುತ್ತದೆ. ಹಾಗಾಗಿ ದಾಸ್ತಾನು, ಬಾಕಿ ಮೊತ್ತ ಇಂಥ ಕೂಡಿ ಕಳೆಯುವ ಕಾಲಂಗಳಿಗೆ, ಸರ್ವರಿನಲ್ಲಿ ಈಗ ಇರುವುದಕ್ಕೆ ಹೊಸ ಮೌಲ್ಯವನ್ನು ಕೂಡಿ ಹಳೆಯದನ್ನು ಕಳೆ ಎಂದು ಅಪ್‌ಡೇಟ್ ಕಮಾಂಡ್ ಬರೆದರೆ, ಆ ಕಾಲಂ ಮಟ್ಟಿಗೆ ಘರ್ಷಣೆಯ ಪ್ರಶ್ನೆಯೇ ಏಳುವುದಿಲ್ಲ. ಆಮೇಲೆ ಸರ್ವರಿನಲ್ಲಿ ನಿಜವಾಗಿ ಎಷ್ಟಾಯಿತು ಎಂಬುದನ್ನು ಅದೇ ಕಮಾಂಡಿನ ಕೊನೆಗೆ ಒಂದು ಸೆಲೆಕ್ಟ್ ಸೇರಿಸಿ ಸಾಲಿಗೆ ಮರಳಿ ತರಬಹುದು. ಕಮಾಂಡುಗಳನ್ನು ಕೈಯಾರೆ ಬರೆಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಯಾವ ಬಿಲ್ಡರೂ ಇದನ್ನು ಊಹಿಸಿ ಬರೆಯಲಾರದು.

ಈಗ ಅವಸರದ ವಿಷಯಕ್ಕೆ ಬರುತ್ತೇನೆ. ಒಂದು ಸಾಲನ್ನು ಸರ್ವರ್ ಒಪ್ಪಿಕೊಂಡ ಕೂಡಲೇ ಅಡಾಪ್ಟರ್ ಆ ಸಾಲಿನ ಮೇಲೆ ಆಕ್ಸೆಪ್ಟ್ ಚೇಂಜಸ್ ಕರೆಯುತ್ತದೆ: ಮೂಲ ಮೌಲ್ಯ ಅಳಿಸಿಹೋಗುತ್ತದೆ, ಈಗಿನದೇ ಮೂಲವಾಗುತ್ತದೆ, ಸ್ಥಿತಿ ಬದಲಾಗಿಲ್ಲ ಎಂದಾಗುತ್ತದೆ. ಎಲ್ಲವೂ ಆಗಲಿ ಇಲ್ಲವೇ ಯಾವುದೂ ಆಗದಿರಲಿ ಎಂದು ಬದಲಾವಣೆಗಳನ್ನು ಕಟ್ಟಿಡುವ ಟ್ರಾನ್ಸಾಕ್ಷನ್ ಅನ್ನು ನಾವು ತೆರೆಯದಿದ್ದರೆ ಸರ್ವರಿನಲ್ಲೂ ಪ್ರತಿ ಸಾಲು ಪ್ರತ್ಯೇಕವಾಗಿಯೇ ಕಮಿಟ್ ಆಗುತ್ತದೆ, ಅಂದರೆ ಕಾಯಂ ಆಗುತ್ತದೆ. ನಲವತ್ತು ಸಾಲುಗಳಲ್ಲಿ ಇಪ್ಪತ್ತೆರಡನೆಯದು ಕೆಟ್ಟರೆ ಇಪ್ಪತ್ತೊಂದು ಒಳಗೆ ಹೋಗಿರುತ್ತವೆ, ಉಳಿದವು ಹೊರಗೆ ನಿಂತಿರುತ್ತವೆ. ಇದು ಬೇಡವೆಂದು ಟ್ರಾನ್ಸಾಕ್ಷನ್ ತೆರೆದವರಿಗೆ ಬೇರೊಂದು ಸಮಸ್ಯೆ ಕಾದಿರುತ್ತದೆ: ಇಪ್ಪತ್ತೆರಡನೆಯ ಸಾಲಿನಲ್ಲಿ ಎಡವಿ ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿದಾಗ ಸರ್ವರ್ ಹಿಂದಿನ ಸ್ಥಿತಿಗೆ ಮರಳುತ್ತದೆ, ಡೇಟಾಸೆಟ್ ಮರಳುವುದಿಲ್ಲ. ಮೊದಲ ಇಪ್ಪತ್ತೊಂದು ಸಾಲುಗಳು ತಾವು ಈಗಾಗಲೇ ಉಳಿದಿದ್ದೇವೆಂದೇ ನಂಬಿರುತ್ತವೆ. ಬಳಕೆದಾರರು ತಪ್ಪನ್ನು ಸರಿಪಡಿಸಿ ಮತ್ತೆ ಉಳಿಸು ಒತ್ತಿದಾಗ ಆ ಸಾಲುಗಳು ಸರ್ವರಿನ ಕಡೆಗೆ ಹೊರಡುವುದೇ ಇಲ್ಲ. ಯಾವ ಎಕ್ಸೆಪ್ಷನ್ನೂ ಬರುವುದಿಲ್ಲ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಂದಿನ ಬಾರಿ ತಂತ್ರಾಂಶ ತೆರೆದಾಗಲೇ ದಾಖಲೆಗಳು ಇಲ್ಲದಿರುವುದು ತಿಳಿಯುತ್ತದೆ.

ಇದಕ್ಕೆ ಪರಿಹಾರ ಸಲಕರಣೆಯ ಒಳಗೇ ಇದೆ. ಆಕ್ಸೆಪ್ಟ್ ಚೇಂಜಸ್ ಡ್ಯೂರಿಂಗ್ ಅಪ್‌ಡೇಟ್ ಎಂಬ ಗುಣವನ್ನು ಫಾಲ್ಸ್ ಮಾಡಿ, ಅಡಾಪ್ಟರ್‌ನ ಎಲ್ಲಾ ಕಮಾಂಡುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ಸೇರಿಸಿ, ಕಮಿಟ್ ಯಶಸ್ವಿಯಾದ ಮೇಲೆ ಮಾತ್ರ ನಾವೇ ಡೇಟಾಸೆಟ್‌ನ ಮೇಲೆ ಆಕ್ಸೆಪ್ಟ್ ಚೇಂಜಸ್ ಕರೆಯಬೇಕು. ಕೆಲವೇ ಸಾಲುಗಳ ಕೋಡ್. ಇದನ್ನು ಸಹಜ ನಡವಳಿಕೆಯನ್ನಾಗಿ ಇಡದೆ ಆಯ್ಕೆಯಾಗಿ, ಅದೂ 2.0 ಆವೃತ್ತಿಯಲ್ಲಿ, ಸೇರಿಸಿದ್ದನ್ನು ಈ ಉತ್ಪನ್ನದ ಅತಿ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ. ಇದೇ ವಿಧಾನದ ಹೆಸರು ಇನ್ನೊಂದು ಗೊಂದಲಕ್ಕೂ ಕಾರಣವಾಗಿದೆ: ಬದಲಾವಣೆಗಳನ್ನು ಒಪ್ಪಿಕೋ ಎಂದರೆ ಡೇಟಾಬೇಸಿಗೆ ಬರೆ ಎಂದಿರಬೇಕೆಂದು ಊಹಿಸಿ, ಅಪ್‌ಡೇಟ್‌ಗೂ ಮೊದಲೇ ಅದನ್ನು ಕರೆದ ಕೋಡ್ ಬೇಕಾದಷ್ಟು ಕಾಣಸಿಗುತ್ತದೆ. ಹಾಗೆ ಕರೆದ ಕ್ಷಣವೇ ಎಲ್ಲಾ ಸಾಲುಗಳೂ ಬದಲಾಗಿಲ್ಲ ಎಂಬ ಸ್ಥಿತಿಗೆ ಬರುತ್ತವೆ, ಅಪ್‌ಡೇಟ್‌ಗೆ ಮಾಡಲು ಕೆಲಸವೇ ಉಳಿಯುವುದಿಲ್ಲ, ಅದು ಸೊನ್ನೆ ಎಂಬ ಲೆಕ್ಕವನ್ನು ಮರಳಿಸಿ ಸುಮ್ಮನಾಗುತ್ತದೆ. ಸಾಲುಗಳನ್ನು ತೆಗೆಯುವಾಗಲೂ ಇಂಥದೇ ಮೌನ. ಡಿಲೀಟ್ ಎಂದರೆ ಅಳಿಸಬೇಕೆಂಬ ಗುರುತು ಹಾಕಿ ಸಾಲನ್ನು ಉಳಿಸಿಕೊಳ್ಳುತ್ತದೆ, ರಿಮೂವ್ ಎಂದರೆ ಸಾಲನ್ನೇ ಕಿತ್ತು ಹೊರಹಾಕುತ್ತದೆ. ಎರಡನೆಯದನ್ನು ಬಳಸಿದರೆ ಅಳಿಸಬೇಕಿತ್ತೆಂಬುದನ್ನು ಡೇಟಾಬೇಸಿಗೆ ಹೇಳಲು ಯಾರೂ ಇರುವುದಿಲ್ಲ. ಡೇಟಾಸೆಟ್ ಅನ್ನು ಪರದೆಯ ಕೋಷ್ಟಕಕ್ಕೆ, ಅಂದರೆ ಗ್ರಿಡ್‌ಗೆ, ಬೈಂಡ್ ಮಾಡಿದ (ಜೋಡಿಸಿದ) ಫಾರ್ಮುಗಳಲ್ಲಿ, ಕರ್ಸರ್ ಇನ್ನೂ ಇರುವ ಸಾಲಿನ ತಿದ್ದುಪಡಿ ಪ್ರಪೋಸ್ಡ್ ಎಂಬ ಮಧ್ಯದ ಆವೃತ್ತಿಯಲ್ಲಿಯೇ ಇರುತ್ತದೆ. ಉಳಿಸುವ ಮೊದಲು, ಈ ಜೋಡಣೆಯನ್ನು ನಡೆಸುವ ಬೈಂಡಿಂಗ್ ಸೋರ್ಸ್‌ನ ಎಂಡ್ ಎಡಿಟ್ ಕರೆಯದಿದ್ದರೆ ಕೊನೆಯದಾಗಿ ತಿದ್ದಿದ ಸಾಲು ಮಾತ್ರ ಉಳಿಯದೆ ಹೋಗಬಹುದು. ಕೊನೆಯ ಸಾಲು ಮಾತ್ರ ಸೇವ್ ಆಗುತ್ತಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಅದು.

ಒಂದೇ ಟೇಬಲ್ ಇರುವವರೆಗೆ ಕಥೆ ಇಷ್ಟೇ. ಆರ್ಡರ್ ಮತ್ತು ಅದರ ಐಟಂಗಳಂತೆ ತಾಯಿ ಟೇಬಲ್, ಮಗು ಟೇಬಲ್ ಎಂಬ ಸಂಬಂಧ ಬಂದಾಗ ಕ್ರಮದ ಪ್ರಶ್ನೆ ಏಳುತ್ತದೆ. ಹೊಸ ಆರ್ಡರ್ ಸೇರದೆ ಅದರ ಐಟಂ ಸೇರಲಾರದು, ಐಟಂ ಅಳಿಯದೆ ಆರ್ಡರ್ ಅಳಿಯಲಾರದು. ಹಾಗಾಗಿ ಮೊದಲು ಮಗು ಟೇಬಲಿನ ಅಳಿಸಿದ ಸಾಲುಗಳನ್ನು, ಆಮೇಲೆ ತಾಯಿ ಟೇಬಲಿನ ಎಲ್ಲಾ ಬದಲಾವಣೆಗಳನ್ನು, ಕೊನೆಗೆ ಮಗು ಟೇಬಲಿನ ಸೇರಿಸಿದ ಮತ್ತು ತಿದ್ದಿದ ಸಾಲುಗಳನ್ನು ಕಳುಹಿಸಬೇಕು. ಸ್ಥಿತಿಯ ಪ್ರಕಾರ ಸಾಲುಗಳನ್ನು ಆಯ್ದು ಕೊಡುವ ಸೌಲಭ್ಯ ಇರುವುದರಿಂದ ಇದು ಕಷ್ಟವಲ್ಲ. ವಿಷುಯಲ್ ಸ್ಟುಡಿಯೋ 2008ರೊಂದಿಗೆ ಬಂದ ಟೇಬಲ್ ಅಡಾಪ್ಟರ್ ಮ್ಯಾನೇಜರ್ ಈ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ, ಟೇಬಲುಗಳ ರಚನೆಗೆ ತಕ್ಕಂತೆ ಮೊದಲೇ ರೂಪಿಸಿದ ಟೈಪ್ಡ್ ಡೇಟಾಸೆಟ್ ಬಳಸುವವರಿಗೆ ಅದು ಸಾಕು.

ಕೀ ಸಂಖ್ಯೆಯನ್ನು ಸರ್ವರೇ ಕೊಡುವ ಐಡೆಂಟಿಟಿ ಕಾಲಂಗಳಲ್ಲಿ ಇನ್ನೊಂದು ಸೊಗಸಾದ ಉಪಾಯವಿದೆ. ಡೇಟಾಸೆಟ್‌ನ ಕಾಲಂಗೆ ಆಟೋ ಇನ್‌ಕ್ರಿಮೆಂಟ್‌ನ ಆರಂಭ -1, ಹೆಜ್ಜೆ -1 ಎಂದು ಕೊಟ್ಟರೆ ಹೊಸ ಆರ್ಡರುಗಳು -1, -2, -3 ಎಂಬ ತಾತ್ಕಾಲಿಕ ಸಂಖ್ಯೆ ಪಡೆಯುತ್ತವೆ, ಸರ್ವರಿನ ನಿಜವಾದ ಸಂಖ್ಯೆಗಳೊಂದಿಗೆ ಎಂದೂ ತಾಗುವುದಿಲ್ಲ. ಇನ್ಸರ್ಟ್ ಕಮಾಂಡಿನ ಹಿಂದೆಯೇ ಸ್ಕೋಪ್ ಐಡೆಂಟಿಟಿ ಫಂಕ್ಷನ್ನಿನ ಮೂಲಕ ಬಂದ ಸಂಖ್ಯೆಯನ್ನು ಸಾಲಿಗೆ ಮರಳಿಸಿದಾಗ -1 ಎಂಬುದು 501 ಆಗುತ್ತದೆ, ಮತ್ತು ಟೇಬಲುಗಳ ನಡುವಿನ ಫಾರಿನ್ ಕೀ ನಿರ್ಬಂಧ (ಮಗು ಸಾಲನ್ನು ತಾಯಿ ಸಾಲಿಗೆ ಕಟ್ಟುವ ನಿಯಮ) ಸಹಜವಾಗಿಯೇ ಕ್ಯಾಸ್ಕೇಡ್ ಆಗುವಂತಿರುವುದರಿಂದ, ಅಂದರೆ ತಾಯಿಯ ಬದಲಾವಣೆ ಮಗುವಿಗೂ ಹರಿಯುವಂತಿರುವುದರಿಂದ, ಅದರ ಐಟಂಗಳಲ್ಲೂ -1 ಇದ್ದಲ್ಲೆಲ್ಲ 501 ಬರುತ್ತದೆ. ಇದಕ್ಕೆ ಹಳೆಯ ಆಟ್ ಆಟ್ ಐಡೆಂಟಿಟಿಯನ್ನು (@@IDENTITY) ಬಳಸಬಾರದು. ಟ್ರಿಗರ್ ಒಂದು ಬೇರೆ ಟೇಬಲಿಗೆ ಸಾಲು ಸೇರಿಸಿದ್ದರೆ ಆ ಟೇಬಲಿನ ಸಂಖ್ಯೆಯೇ ಬಂದುಬಿಡುತ್ತದೆ. ಗೆಟ್ ಚೇಂಜಸ್ ಮೂಲಕ ಬದಲಾದ ಸಾಲುಗಳ ಪ್ರತಿಯನ್ನು ಮಾಡಿ, ಪ್ರತಿಯನ್ನು ಉಳಿಸಿ, ಮತ್ತೆ ಮೂಲಕ್ಕೆ ಮರ್ಜ್ ಮಾಡುವವರಿಗೆ ಮಾತ್ರ ಈ ಉಪಾಯ ಕೈಕೊಡುತ್ತದೆ: ಪ್ರತಿಯಲ್ಲಿ 501 ಆಗಿರುವ ಸಾಲಿಗೆ ಮೂಲದಲ್ಲಿ ಜೊತೆ ಸಿಗುವುದಿಲ್ಲ, -1 ಇದ್ದ ಸಾಲೂ 501ರ ಸಾಲೂ ಎರಡೂ ಉಳಿದು, ಮುಂದಿನ ಬಾರಿ ಅದೇ ಆರ್ಡರ್ ಎರಡನೆಯ ಸಲ ಸೇರಿಕೊಳ್ಳುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಹಜವಾಗಿ ಪ್ರತಿ ಸಾಲಿಗೂ ಸರ್ವರಿಗೆ ಒಂದು ಸುತ್ತು. ಅಪ್‌ಡೇಟ್ ಬ್ಯಾಚ್ ಸೈಜ್ ಎಂಬುದು ಮೊದಲಿಗೆ 1 ಆಗಿರುತ್ತದೆ. ಅದನ್ನು ಏರಿಸಿದರೆ ಸುತ್ತುಗಳು ಕಡಿಮೆಯಾಗುತ್ತವೆ, 0 ಕೊಟ್ಟರೆ ಸರ್ವರ್ ತಾಳುವಷ್ಟನ್ನು ಒಟ್ಟಿಗೆ ಕಳುಹಿಸುತ್ತದೆ. ಬ್ಯಾಚ್ ಬಳಸುವಾಗ ಕಮಾಂಡಿನ ಕೊನೆಯ ಸೆಲೆಕ್ಟ್‌ನಿಂದ ಸಾಲಿಗೆ ಮೌಲ್ಯ ಮರಳಿಸುವಂತಿಲ್ಲ, ಔಟ್‌ಪುಟ್ ಪ್ಯಾರಾಮೀಟರುಗಳ ಮೂಲಕವೇ ತರಬೇಕು. ಸಾಲು ಉಳಿದ ಮೇಲಿನ ಈವೆಂಟ್ ಪ್ರತಿ ಸಾಲಿಗೆ ಬಾರದೆ ಬ್ಯಾಚಿಗೆ ಒಮ್ಮೆ ಬರುತ್ತದೆ. ಕೆಲವು ನೂರು ಸಾಲುಗಳವರೆಗೆ ಇದು ಸಾಕು. ಲಕ್ಷಗಟ್ಟಲೆ ಸಾಲುಗಳನ್ನು ಸೇರಿಸಬೇಕಾದಾಗ ಅಡಾಪ್ಟರ್‌ನಿಂದ ನಿರೀಕ್ಷಿಸುವುದೇ ತಪ್ಪು. ಅಲ್ಲಿ ಎಸ್‌ಕ್ಯೂಎಲ್ ಬಲ್ಕ್ ಕಾಪಿಯ ಮೂಲಕ ತಾತ್ಕಾಲಿಕ ಟೇಬಲಿಗೆ ಸುರಿದು, ಸರ್ವರಿನಲ್ಲಿಯೇ ಒಂದು ಕ್ವೆರಿಯಿಂದ ಮುಖ್ಯ ಟೇಬಲಿಗೆ ಸೇರಿಸುವುದು, ಇಲ್ಲವೇ ಎಸ್‌ಕ್ಯೂಎಲ್ ಸರ್ವರ್ 2008ರಿಂದ ಬಂದಿರುವ ಟೇಬಲ್ ವ್ಯಾಲ್ಯೂಡ್ ಪ್ಯಾರಾಮೀಟರ್ ಆಗಿ ಇಡೀ ಡೇಟಾಟೇಬಲನ್ನೇ ಪ್ರೊಸೀಜರ್‌ಗೆ ಕೊಡುವುದು ಸರಿಯಾದ ದಾರಿ.

ಡೇಟಾಸೆಟ್ ತನ್ನ ನೆನಪಿನ ಸಮೇತ ಪ್ರಯಾಣ ಮಾಡಬಲ್ಲದು ಎಂಬುದು ಇದರ ಇನ್ನೊಂದು ಹೆಚ್ಚುಗಾರಿಕೆ. ಡಿಫ್‌ಗ್ರಾಂ ರೂಪದ ಎಕ್ಸ್‌ಎಂಎಲ್ ಆಗಿ ಬರೆದರೆ ತಿದ್ದಿದ ಸಾಲುಗಳ ಈಗಿನ ರೂಪದ ಜೊತೆಗೆ ಮೂಲ ರೂಪವೂ ಅದೇ ಕಡತದಲ್ಲಿ ಇರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಕಡತ ಉಳಿಸಿ, ಮರುದಿನ ಓದಿಸಿ ಅಪ್‌ಡೇಟ್ ಕರೆದರೂ ಘರ್ಷಣೆ ಪತ್ತೆ ಕೆಲಸ ಮಾಡುತ್ತದೆ. ಆದರೆ ಹೊರಗಿನವರಿಂದ ಬಂದ ಕಡತವನ್ನು ಹೀಗೆ ಓದುವುದು ಅಪಾಯಕಾರಿ. 2020ರಲ್ಲಿ ಇದೇ ದಾರಿಯಿಂದ ಅನ್ಯರ ಕೋಡ್ ಒಳನುಗ್ಗಬಹುದಾದ ಭದ್ರತಾ ಲೋಪ ಹೊರಬಂದು, ಆ ಬಳಿಕ ಡೇಟಾಸೆಟ್ ಒಳಗೆ ಯಾವ ಟೈಪುಗಳನ್ನು ಓದಬಹುದೆಂಬುದಕ್ಕೆ ನಿರ್ಬಂಧ ಹಾಕಲಾಯಿತು. 2024ರ ಡಾಟ್ ನೆಟ್ 9ರಲ್ಲಿ ವಸ್ತುಗಳನ್ನು ಬೈಟುಗಳಾಗಿಸಿ ಸಾಗಿಸುವ ಬೈನರಿ ಫಾರ್ಮ್ಯಾಟರ್ ಅನ್ನೇ ತೆಗೆದುಹಾಕಿರುವುದರಿಂದ, ಅದರ ಮೂಲಕ ಡೇಟಾಸೆಟ್ ಸಾಗಿಸುತ್ತಿದ್ದ ಹಳೆಯ ವ್ಯವಸ್ಥೆಗಳು ಆ ಆವೃತ್ತಿಗೆ ಬರುವಾಗ ದಾರಿ ಬದಲಿಸಬೇಕಾಗುತ್ತದೆ.

ದಾಖಲೆಗಳನ್ನು ಪ್ರೋಗ್ರಾಮಿನ ವಸ್ತುಗಳಾಗಿ ಒದಗಿಸುವ, ಮೈಕ್ರೋಸಾಫ್ಟಿನದೇ ಹೊಸ ಸಲಕರಣೆಯಾದ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನೊಂದಿಗೆ ಹೋಲಿಸದೆ ಈ ವಿಮರ್ಶೆ ಮುಗಿಯದು. ಅದರ ಸೇವ್ ಚೇಂಜಸ್ ಎಲ್ಲಾ ಬದಲಾವಣೆಗಳನ್ನೂ ತಾನಾಗಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಳುಹಿಸಿ, ಎಲ್ಲವೂ ಯಶಸ್ವಿಯಾದ ಮೇಲೆ ಮಾತ್ರ ನೆನಪನ್ನು ಅಳಿಸುತ್ತದೆ. ಡೇಟಾಸೆಟ್‌ನಲ್ಲಿ ನಾವು ಕೈಯಾರೆ ಮಾಡಬೇಕಾದುದು ಅಲ್ಲಿ ಸಹಜ ನಡವಳಿಕೆ. ತಾಯಿ, ಮಗು ಟೇಬಲುಗಳ ಕ್ರಮವನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಸಂಪರ್ಕ ಕಡಿದ ದಾಖಲೆಗಳ ವಿಷಯದಲ್ಲಿ ಮಾತ್ರ ಅದು ಹಿಂದೆ ಬೀಳುತ್ತದೆ: ನೆನಪು ಇರುವುದು ಡೇಟಾಬೇಸಿನೊಂದಿಗಿನ ವ್ಯವಹಾರವನ್ನು ನೋಡಿಕೊಳ್ಳುವ ಕಾಂಟೆಕ್ಸ್ಟ್‌ನಲ್ಲಿಯೇ ಹೊರತು ವಸ್ತುವಿನಲ್ಲಿ ಅಲ್ಲವಾದ್ದರಿಂದ, ಹೊರಗೆ ಹೋಗಿ ಮರಳಿದ ವಸ್ತುವನ್ನು ಅಪ್‌ಡೇಟ್ ಎಂದು ಸೇರಿಸಿದರೆ ಯಾವ ಕಾಲಂ ಬದಲಾಗಿದೆ ಎಂಬುದು ತಿಳಿಯದೆ ಎಲ್ಲಾ ಕಾಲಂಗಳನ್ನೂ ಬದಲಾದವೆಂದು ಗುರುತಿಸುತ್ತದೆ, ಮತ್ತು ರೋವರ್ಷನ್ ಗುರುತನ್ನು ನಾವೇ ಹೊತ್ತು ತಿರುಗದಿದ್ದರೆ ಘರ್ಷಣೆಯೂ ಕಾಣುವುದಿಲ್ಲ. ವೆಬ್ ಸೇವೆಯೊಂದನ್ನು ಹೊಸದಾಗಿ ಕಟ್ಟುವವರಿಗೆ ನಾನು ಎಂಟಿಟಿ ಫ್ರೇಮ್‌ವರ್ಕ್ ಕೋರನ್ನೇ ಸೂಚಿಸುತ್ತೇನೆ, ರೋವರ್ಷನ್ ಕಾಲಂ ಸಹಿತ. ಗ್ರಿಡ್‌ನಲ್ಲಿ ಹತ್ತಾರು ಸಾಲುಗಳನ್ನು ಒಟ್ಟಿಗೆ ತಿದ್ದಿ ಒಂದೇ ಬಾರಿ ಉಳಿಸುವ ಡೆಸ್ಕ್‌ಟಾಪ್ ಫಾರ್ಮುಗಳಿಗೂ, ನೆಟ್‌ವರ್ಕ್ ಇಲ್ಲದೆ ಗಂಟೆಗಟ್ಟಲೆ ನಡೆಯುವ ದಾಖಲಾತಿಗೂ ಡೇಟಾಸೆಟ್ ಈಗಲೂ ಯೋಗ್ಯ ಆಯ್ಕೆ, ಕಮಾಂಡ್ ಬಿಲ್ಡರನ್ನು ಬದಿಗಿಟ್ಟು, ಆಕ್ಸೆಪ್ಟ್ ಚೇಂಜಸ್‌ನ ಹಿಡಿತವನ್ನು ನಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಾದರೆ.